‘ಬಂದೆ’ ಅಂದರೆ ಎಷ್ಟು ನಿಮಿಷ

ಸಿಂಚನಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ರವೆ ಹುರಿಯುವುದು ಅರ್ಧಕ್ಕೆ ಬಿಟ್ಟು ಹೋಗುವಂಥ ಕೆಲಸವಲ್ಲ. ಒಂದು ನಿಮಿಷ ಕೈ ನಿಂತರೆ ತಳ ಕೆಂಪಾಗುತ್ತದೆ. ಎರಡು ನಿಮಿಷ ನಿಂತರೆ, ಕಪ್ಪಗಿರುವುದೆಲ್ಲ ಸಾಸಿವೆಯೇ ಎಂದು ಮನೆಯವರನ್ನು ನಂಬಿಸಬೇಕಾಗುತ್ತದೆ. ಸರಿಯಾಗಿ ಆ ಹೊತ್ತಿಗೆ ನಡುಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪು, ರೇಡಿಯೊದಲ್ಲಿ ಹವಾಮಾನ ಓದುವ ಹೆಂಗಸಿನ ದನಿಯಲ್ಲಿ ಕೇಳಿತು: “ಶುಭೋದಯ, ಸಿಂಚನಾ ಅವರೇ. ಕೆಲಸಕ್ಕೆ ಸಿದ್ಧರಿದ್ದೀರಾ?”

“ಬಂದೆ,” ಎಂದಳು ಸಿಂಚನಾ, ಸೌಟು ಆಡಿಸುತ್ತಲೇ.

ಬೀದಿ ಬಾಗಿಲಲ್ಲಿ ಹೂವಿನವಳು ಕೂಗಿದಳು. ಅವಳಿಗೂ “ಬಂದೆ” ಎಂದಾಯಿತು. ಹಿತ್ತಲಿನಿಂದ ಹೊನ್ನಿ, “ಅಮ್ಮಾ, ಬೇಗ ಬಾ, ಇರುವೆಗಳು ಜಿರಲೆ ರೆಕ್ಕೆ ಎತ್ಕೊಂಡು ಗೋಡೆ ಹತ್ತಾ ಇದಾವೆ,” ಎಂದು ಕರೆದಳು. ಅವಳಿಗೆ ಇನ್ನೂ ಮೆತ್ತಗೆ, “ಬಂದೆ ಕಂದಾ,” ಎಂದಾಯಿತು. ಒಂದೇ ಉಸಿರಿನಲ್ಲಿ ಮೂರು ಕಡೆಗೆ ಬಂದಿದ್ದ ಸಿಂಚನಾ ಒಲೆಯ ಮುಂದೆಯೇ ನಿಂತಿದ್ದಳು.

ಆಗ ಲ್ಯಾಪ್‌ಟಾಪು ಕೂಗಿತು. ಮೂರು ಸಲ ಉದ್ದಕ್ಕೆ, ಒಂದು ಸಲ ಗಿಡ್ಡಕ್ಕೆ. ಅವಳು ರವೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಪವರ್ ಬಟನ್ ಒತ್ತಿದಳು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದಳು. ಮತ್ತೆ ಮೂರು ಉದ್ದ, ಒಂದು ಗಿಡ್ಡ.

ಬೇರೆ ದಿನವಾಗಿದ್ದರೆ ಅವಳು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಇಂದು ಹನ್ನೊಂದು ಗಂಟೆಗೆ, ಎರಡು ವರ್ಷದ ಅವಳ ತಾತ್ಕಾಲಿಕ ನೌಕರಿ ಖಾಯಂ ಆಗುವ ಸಂದರ್ಶನವಿತ್ತು. ಅದು ಕಂಪನಿ ಕೊಟ್ಟ ಈ ಲ್ಯಾಪ್‌ಟಾಪಿನಲ್ಲೇ ಆಗಬೇಕು. ಬೇರೆ ಯಂತ್ರವನ್ನು ಕಂಪನಿ ಒಪ್ಪುವುದಿಲ್ಲ. ಹನ್ನೊಂದಕ್ಕೆ ಪರದೆಯ ಮೇಲೆ ಅವಳ ಮುಖ ಬರದಿದ್ದರೆ, ಬರಲಿಲ್ಲವೆಂದು ತಾನಾಗಿ ದಾಖಲಾಗಿ, ನೌಕರಿಯೂ ಅಲ್ಲಿಗೆ ಮುಗಿಯುತ್ತದೆ.

ಅವಳ ಕೆಲಸ ಏನೆಂಬುದನ್ನೂ ಹೇಳಿಬಿಡಬೇಕು. ತುಮಕೂರಿನ ‘ಗ್ರಾಹಕ ಸಮಾಧಾನ ಸಂಸ್ಥೆ’ ನೂರಾರು ಕಂಪನಿಗಳಿಗೆ ಬರುವ ದೂರುಗಳಿಗೆ ಅವರ ಪರವಾಗಿ ಉತ್ತರ ಬರೆದುಕೊಡುವ ಸಂಸ್ಥೆ. ಸಿಂಚನಾ ದಿನಕ್ಕೆ ಎಂಬತ್ತು ಉತ್ತರ ಬರೆಯುತ್ತಿದ್ದಳು. ‘ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು.’ ದೂರು ಏನೇ ಇರಲಿ, ಉತ್ತರ ಇಷ್ಟೇ. ಆದರೆ ಪ್ರತಿಯೊಂದೂ ಹೊಸದಾಗಿ, ಮನಸ್ಸಿಟ್ಟು ಬರೆದಂತೆ ಕಾಣಬೇಕು. ಅದರಲ್ಲಿ ಅವಳ ಕೈ ಪಳಗಿತ್ತು.

ಇನ್ನು ಲ್ಯಾಪ್‌ಟಾಪಿನ ವಿಷಯ. ಜನ ಮನೆಯಿಂದ ಕೆಲಸ ಮಾಡುವುದು ಹೆಚ್ಚಾದಂತೆ, ಬೆಳಗ್ಗೆ ಯಂತ್ರ ಚಾಲೂ ಮಾಡಿ “ಹಾಜರಿದ್ದೇನೆ” ಎಂದು ಹೇಳಿ ಮತ್ತೆ ಮಲಗುವುದೂ ಹೆಚ್ಚಾಯಿತು. ಯಾರೋ ಒಬ್ಬರು ಮೌಸನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ, ತೂಗಿದಷ್ಟು ಹೊತ್ತೂ ಕೆಲಸ ಮಾಡಿದ ಲೆಕ್ಕ ತೋರಿಸಿದ್ದರು. ಇದಕ್ಕೆ ಔಷಧಿಯಾಗಿ ಡಾ. ಭಾರ್ಗವ ಎಂಬ ವಿಜ್ಞಾನಿ ‘ನುಡಿನಿಷ್ಠಾ ಮಾಪಕ’ವನ್ನು ಕಂಡುಹಿಡಿದರು. ಉಗುರಿನಷ್ಟು ಅಗಲದ ಈ ಸಾಧನ ಲ್ಯಾಪ್‌ಟಾಪಿನೊಳಗೆ ಕೂತು, ಮುಚ್ಚಳ ಮುಚ್ಚಿದ್ದರೂ ಕಿವಿ ಮುಚ್ಚದೆ, ಮನೆಯವರು ಏನು ಹೇಳುತ್ತಾರೆ, ಹೇಳಿದ ಮೇಲೆ ಅವರ ಹೆಜ್ಜೆಯ ಸದ್ದು ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ತಾಳೆ ನೋಡುತ್ತದೆ. ಮಾತಿನಂತೆ ನಡೆದರೆ ಅಂಕ. ಇಲ್ಲವಾದರೆ ಕಡಿತ. ಮೊದಲ ಮೂವತ್ತು ದಿನ ಕೇಳಿಸಿಕೊಳ್ಳುವುದಷ್ಟೇ. ಮೂವತ್ತೊಂದನೆಯ ದಿನ ತೀರ್ಪು. ಸಿಂಚನಾಳ ಯಂತ್ರಕ್ಕೆ ಇಂದು ಮೂವತ್ತೊಂದನೆಯ ದಿನ. ನೂರಕ್ಕೆ ಮೂವತ್ತೈದು ಬರದಿದ್ದರೆ ಲ್ಯಾಪ್‌ಟಾಪು ಚಾಲೂ ಆಗುವುದಿಲ್ಲ. ಆಡಿದ ಮಾತನ್ನು ಮಾತ್ರ ಅದು ಅಳೆಯುತ್ತದೆ. ಬೆರಳಚ್ಚಿನಲ್ಲಿ ಬರೆದದ್ದನ್ನು ಅಳೆಯುವ ಸೌಲಭ್ಯ ಇಡಬಾರದೆಂದು ಕಂಪನಿಗಳೇ ಮುಂಚಿತವಾಗಿ ಕೇಳಿಕೊಂಡಿದ್ದವು.

ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾಪಕ ಒಮ್ಮೆಯೂ ತಪ್ಪಿರಲಿಲ್ಲ. ಇನ್ನೂರು ಜನರನ್ನು ಒಬ್ಬೊಬ್ಬರಾಗಿ ಕೋಣೆಯಲ್ಲಿ ಕೂರಿಸಿ, “ನಾನು ಕುರ್ಚಿಯ ಮೇಲೆ ಕುಳಿತಿದ್ದೇನೆ,” “ನಾನು ಈಗ ಎದ್ದು ನಿಲ್ಲುತ್ತೇನೆ,” ಎಂದು ಹೇಳಿಸಿದ್ದರು. ಆ ಕೋಣೆಯಲ್ಲಿ ಒಲೆಯಿರಲಿಲ್ಲ. ಮಕ್ಕಳೂ ಇರಲಿಲ್ಲ.

ಸಿಂಚನಾ ಗಂಡ ಲೋಹಿತ್‌ಗೆ ಫೋನ್ ಮಾಡಿದಳು. ಅವನು ಶಿರಾದ ಕಡೆ ಬಸ್ಸಿನಲ್ಲಿದ್ದ. ವಿಷಯವನ್ನೆಲ್ಲ ಕೇಳಿ, ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡು ಎಂದ. ಆನ್ ಆಗದಿರುವುದೇ ತೊಂದರೆ ಎಂದು ಅವಳು ಹೇಳಿದಾಗ, ಹಾಗಾದರೆ ಆಫ್ ಆದರೂ ಮಾಡಿ ನೋಡು ಎಂದ. ಅವಳು ಫೋನ್ ಇಟ್ಟು ಸಹಾಯವಾಣಿಗೆ ಕರೆ ಮಾಡಿದಳು.

ಸಹಾಯವಾಣಿಯ ದನಿಗೆ ಆತುರವೆಂಬುದೇ ಇರಲಿಲ್ಲ. ಚಾರ್ಜರ್ ಕಿತ್ತು ಮತ್ತೆ ಸಿಕ್ಕಿಸಿ ಎಂದಿತು, ಸಿಕ್ಕಿಸಿದಳು. ಬದಿಯ ಸಣ್ಣ ದೀಪ ಉರಿಯುತ್ತಿದೆಯೇ ಎಂದಿತು, ಉರಿಯುತ್ತಿತ್ತು. ಪೆನ್‌ಡ್ರೈವ್, ಮೌಸು, ಏನೇನು ಚುಚ್ಚಿದ್ದೀರೋ ಎಲ್ಲ ತೆಗೆಯಿರಿ ಎಂದಿತು, ತೆಗೆದಳು. ಪವರ್ ಬಟನ್ ಮೂವತ್ತು ಸೆಕೆಂಡು ಒತ್ತಿ ಹಿಡಿದು ಬಿಡಿ, ಒಳಗೆ ಉಳಿದ ವಿದ್ಯುತ್ತೆಲ್ಲ ಇಳಿದುಹೋಗುತ್ತದೆ ಎಂದಿತು. ಅವಳು ಒಂದು ಕೈಯಲ್ಲಿ ಬಟನ್ ಒತ್ತಿ, ಇನ್ನೊಂದು ಕೈಯಲ್ಲಿ ಈರುಳ್ಳಿ ಸಿಪ್ಪೆ ಬಿಡಿಸುತ್ತ ಮೂವತ್ತು ಎಣಿಸಿದಳು. ಹೊನ್ನಿ ಬಾಗಿಲಲ್ಲಿ ಬಂದು ನಿಂತು, ಇರುವೆಗಳು ಗೋಡೆ ದಾಟಿ ಹೋದವೆಂದು ವರದಿ ಕೊಟ್ಟು, ಉತ್ತರ ಬಾರದ್ದರಿಂದ ಮತ್ತೆ ಹಿತ್ತಲಿಗೆ ಹೋದಳು.

ಕೊನೆಗೆ ಸಹಾಯವಾಣಿ, ಯಂತ್ರ ಹೇಗೆ ಕೂಗುತ್ತಿದೆ ಎಂದು ವಿಚಾರಿಸಿತು. ಮೂರು ಉದ್ದ, ಒಂದು ಗಿಡ್ಡ ಎಂದಳು ಸಿಂಚನಾ. ಹಿಂದಿನ ಕಾಲದಲ್ಲಿ ಹಾಗೆ ಕೂಗಿದರೆ ಒಳಗಿನ ಬಿಡಿಭಾಗ ಯಾವುದೋ ಸಡಿಲವಾಗಿದೆ ಎಂದರ್ಥವಿತ್ತಂತೆ. ಈಗಿನ ಪಟ್ಟಿಯಲ್ಲಿ, ಒಡೆಯರ ಮಾತು ಸಡಿಲವಾಗಿದೆ ಎಂದರ್ಥ.

“ಕ್ಷಮಿಸಿ, ಇದು ಕೇಳಲೇಬೇಕಾದ ಪ್ರಶ್ನೆ,” ಎಂದಿತು ದನಿ. “ನಿಮ್ಮ ಮನೆಯಲ್ಲಿ ಸುಳ್ಳು ಹೇಳುವ ಅಭ್ಯಾಸ ಯಾರಿಗಾದರೂ ಇದೆಯೇ?”

“ಇಲ್ಲ,” ಎಂದಳು ಸಿಂಚನಾ.

ಮೇಜಿನ ಮೇಲಿನ ಲ್ಯಾಪ್‌ಟಾಪು ಪೀಂ ಎಂದಿತು.

ಮೆಕ್ಯಾನಿಕನನ್ನು ಕಳುಹಿಸುತ್ತೇವೆ ಎಂದು ಸಹಾಯವಾಣಿ ಕರೆ ಮುಗಿಸಿತು. ಹತ್ತು ಗಂಟೆಗೆ ಬಾಗಿಲ ಗಂಟೆ ಸದ್ದಾಯಿತು. “ಬಂದೆ ಸಾರ್,” ಎಂದು ಸಿಂಚನಾ ಓಡಿಹೋಗಿ ತೆರೆದಳು. ಬಂದವರು ಮೆಕ್ಯಾನಿಕ್ ಅಲ್ಲ, ಸಾಕ್ಷಾತ್ ಡಾ. ಭಾರ್ಗವರೇ. ನಲವತ್ತರ ಆಚೀಚೆಯ, ಶರ್ಟಿನ ಗುಂಡಿಗಳನ್ನು ಕೊರಳ ತನಕ ಹಾಕಿಕೊಂಡ ಮನುಷ್ಯ. ಇಡೀ ರಾಜ್ಯದಲ್ಲಿ ಯಾರಿಗೂ ಬಾರದಷ್ಟು ಕಡಿಮೆ ಅಂಕ ತುಮಕೂರಿನ ಒಂದು ಮನೆಯಲ್ಲಿ ಬಂದಿದೆ ಎಂದು ತಿಳಿದು, ನೋಡಲೇಬೇಕೆಂದು ಅವರು ಬೆಳಗ್ಗೆಯೇ ಹೊರಟಿದ್ದರು. ಅಪರೂಪದ ಕಾಯಿಲೆಯ ರೋಗಿಯನ್ನು ನೋಡಲು ಬಂದ ವೈದ್ಯರ ಹಾಗೆ ಅವರ ಮುಖ ಉತ್ಸಾಹದಿಂದ ಬೆಳಗುತ್ತಿತ್ತು.

“ನಾಲ್ಕು,” ಎಂದರು ಕೂರುತ್ತಲೇ. “ನೂರಕ್ಕೆ ನಾಲ್ಕು ಮೇಡಂ. ನಮ್ಮ ಪರೀಕ್ಷೇಲಿ ಇಬ್ಬರು ಕಳ್ಳರನ್ನೂ ಸೇರಿಸಿಕೊಂಡಿದ್ವಿ. ಅವರಿಗೇ ಅರವತ್ತು ಬಂದಿತ್ತು.”

ಅವರು ತಮ್ಮ ಕೈಯಲ್ಲಿದ್ದ, ಸ್ಲೇಟಿನಷ್ಟಗಲದ ಪರದೆಯ ಫಲಕವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ತಿಂಗಳ ದಾಖಲೆ ತೆಗೆದರು. ಮೊದಲ ಸುಳ್ಳು ಮೊದಲ ದಿನದ್ದೇ. ನಲವತ್ತೆರಡು ಪುಟಗಳ ಒಪ್ಪಂದವನ್ನು ಯಂತ್ರ ತೋರಿಸಿದ ಒಂಬತ್ತು ಸೆಕೆಂಡಿಗೆ ಸಿಂಚನಾ “ಓದಿದ್ದೇನೆ, ಒಪ್ಪಿದ್ದೇನೆ” ಎಂದಿದ್ದಳು. ಅದನ್ನು ಡಾ. ಭಾರ್ಗವ ಕ್ಷಮಿಸಿದರು, ಅದು ಎಲ್ಲರ ದಾಖಲೆಯಲ್ಲೂ ಇತ್ತು. ಲೋಹಿತ್ ದಿನಾ ಬೆಳಗ್ಗೆ “ಬರ್ತೀನಿ” ಎಂದು ಹೇಳಿ ಹೊರಗೆ ಹೋಗುತ್ತಿದ್ದುದನ್ನೂ ಯಂತ್ರ ಸುಳ್ಳೆಂದೇ ಬರೆದುಕೊಂಡಿತ್ತು.

“ಬರ್ತೀನಿ ಅಂತಾರೆ, ಹೆಜ್ಜೆ ಬಾಗಿಲಾಚೆಗೆ ಹೋಗುತ್ತೆ. ಇದೇನಿದು?” ಎಂದು ಅವರು ಕೇಳಿದರು.

“ಹೋಗ್ತೀನಿ ಅನ್ನಬಾರದಲ್ಲ ಸಾರ್. ನೀವು ಮನೆ ಬಿಡುವಾಗ ಏನಂತೀರಿ?”

ಡಾ. ಭಾರ್ಗವ ಮುಂದಿನ ಸಾಲಿಗೆ ಹೋದರು. ಮುಂದಿನ ಸಾಲೂ, ಅದರ ಮುಂದಿನದೂ, ಆಮೇಲಿನ ಪುಟಗಳೂ ಒಂದೇ ಪದದಿಂದ ತುಂಬಿದ್ದವು. ಬಂದೆ. ಬಂದೆ. ಬಂದೆ.

“ವ್ಯಾಕರಣದ ಪ್ರಕಾರ ಇದು ಭೂತಕಾಲ ಮೇಡಂ. ಆಗಿಹೋದ ಕ್ರಿಯೆ. ನೀವು ಒಲೆ ಮುಂದೆ ನಿಂತ್ಕೊಂಡು ಭೂತಕಾಲದಲ್ಲಿ ಬಂದಿದೀನಿ ಅಂತೀರಿ. ಯಂತ್ರ ಪಾಪ ಸುತ್ತ ನೋಡುತ್ತೆ, ಯಾರೂ ಇಲ್ಲ. ಏನು ಬರ್ಕೊಬೇಕು ಅದು?”

ಅದು ಬಂದಾಯಿತು ಎಂದಲ್ಲ, ಬರುತ್ತಿದ್ದೇನೆ ಎಂದು ಸಿಂಚನಾ ವಿವರಿಸಿದಳು. ಬರುತ್ತಿದ್ದೇನೆ ಎಂದೂ ಅಲ್ಲ, ನೀವು ಕರೆದದ್ದು ಕೇಳಿಸಿತು ಎಂದು. ಮನಸ್ಸು ಆಗಲೇ ಬಂದಾಗಿದೆ, ಕಾಲು ಮಾತ್ರ ಬರಬೇಕು ಎನ್ನುವ ಅರ್ಥದಲ್ಲಿ ಎಲ್ಲರೂ ಹಾಗೆ ಅನ್ನುತ್ತಾರೆ ಎಂದಳು. ಕಾಲಿನ ಸದ್ದನ್ನಷ್ಟೇ ನಮ್ಮ ಸಾಧನ ಅಳೆಯುತ್ತದೆ ಎಂದರು ಡಾ. ಭಾರ್ಗವ. ಅವಳು ಮಾತು ಮರೆಸಲು ಒಂದು ತಟ್ಟೆ ಉಪ್ಪಿಟ್ಟು ತಂದು ಮುಂದಿಟ್ಟಳು.

ಎರಡು ಚಮಚ ತಿನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು. ಆ ಕಡೆ ಅವರ ತಾಯಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಲು ತಯಾರಾಗಿ ಕಾಯುತ್ತಿದ್ದರು ಎಂಬುದು ನಡುಮನೆಗೆಲ್ಲ ಕೇಳಿಸುವಷ್ಟು ಅವರ ದನಿ ಗಟ್ಟಿಯಾಗಿತ್ತು.

“ಬಂದೆ ಅಮ್ಮ, ದಾರೀಲಿದೀನಿ,” ಎಂದರು ಡಾ. ಭಾರ್ಗವ, ಚಮಚ ಬಾಯಿಗೆ ಒಯ್ಯುತ್ತ.

ಪೀಂ ಎಂದಿತು ಲ್ಯಾಪ್‌ಟಾಪು. ಫಲಕದ ಮೇಲೆ ಹೊಸದೊಂದು ಸಾಲು ಮೂಡಿತು: ‘ಅಪರಿಚಿತ ಗಂಡುದನಿ. ಎರಡು ಸುಳ್ಳು.’ ಸಿಂಚನಾ ನಗದೆ, ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. ವಿಜ್ಞಾನಿಯ ಕಿವಿ ಕೆಂಪಗಾಯಿತು. ಆದರೆ ವಿಜ್ಞಾನಿಗಳು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ, ಅದಕ್ಕೊಂದು ಹೆಸರಿಡುತ್ತಾರೆ.

“ಇದು ಸುಳ್ಳಲ್ಲ. ಇದು ರೂಢಿ,” ಎಂದು ಅವರು ಘೋಷಿಸಿದರು. “ಯಂತ್ರಕ್ಕೆ ನಾವೊಂದು ರೂಢಿಕೋಶ ಕೊಟ್ಟುಬಿಡೋಣ. ಯಾವ ಮಾತಿಗೆ ನಿಜವಾದ ಅರ್ಥ ಏನು ಅಂತ. ಅಂಕ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತೆ, ನಿಮ್ಮ ಲ್ಯಾಪ್‌ಟಾಪು ಚಾಲೂ ಆಗುತ್ತೆ.”

ಆಗ ಹತ್ತೂ ಇಪ್ಪತ್ತೈದು. ‘ಬರ್ತೀನಿ: ಹೋಗುತ್ತೇನೆ’ ಎಂದು ಅವರು ಮೊದಲ ನಮೂದು ಬರೆದರು. ಲೋಹಿತ್‌ನ ಪಾಪವೆಲ್ಲ ತೊಳೆದುಹೋಗಿ ಅಂಕ ಹನ್ನೆರಡಾಯಿತು. ಇನ್ನುಳಿದದ್ದು ‘ಬಂದೆ’. ಅದಕ್ಕೆ ಎಷ್ಟು ನಿಮಿಷ ಎಂದು ಬರೆಯಬೇಕು? ಊಹೆಯಿಂದ ಬರೆಯುವಂತಿಲ್ಲ, ಮೂವತ್ತು ದಿನದ ದಾಖಲೆಯನ್ನೇ ಯಂತ್ರ ಜರಡಿ ಹಿಡಿದು ತೋರಿಸುತ್ತದೆ ಎಂದು ಅವರು ಗುಂಡಿಯೊಂದನ್ನು ಒತ್ತಿದರು. ಫಲಕದ ಮೇಲೆ ಬಂದದ್ದನ್ನು, ಪತ್ರಿಕೆ ಓದುವವರಂತೆ ಗಟ್ಟಿಯಾಗಿ ಓದತೊಡಗಿದರು.

ಕುಕ್ಕರ್ ಕೂಗಿದಾಗ ಅದಕ್ಕೆ ಹೇಳಿದ ‘ಬಂದೆ’: ಹನ್ನೆರಡು ಸೆಕೆಂಡು. ಹೂವಿನವಳಿಗೆ ಹೇಳಿದ್ದು: ಒಂದು ನಿಮಿಷ. ಕಂಪನಿಯ ಮುಖ್ಯಸ್ಥ ರುದ್ರಸ್ವಾಮಿಯವರ ಕರೆ ಬಂದಾಗ ‘ಬಂದೆ ಸಾರ್’: ಐವತ್ತೆರಡು ಸಲ, ಸರಾಸರಿ ಎಂಟು ಸೆಕೆಂಡು, ತಪ್ಪಿದ್ದು ಒಮ್ಮೆಯೂ ಇಲ್ಲ.

“ಅದ್ಭುತ,” ಎಂದರು ಡಾ. ಭಾರ್ಗವ. “ಅಗ್ನಿಶಾಮಕ ದಳದವರೂ ಇಷ್ಟು ಬೇಗ ಬರಲ್ಲ.”

ಆಮೇಲೆ ಅವರ ಬೆರಳು ಕೆಳಗಿನ ಸಾಲಿಗೆ ಇಳಿಯಿತು. ‘ಮಗಳ ದನಿಗೆ: ಇನ್ನೂರ ಹನ್ನೆರಡು ಸಲ. ಬಂದದ್ದು ಅರವತ್ತೊಂದು. ಸರಾಸರಿ ನಲವತ್ತು ನಿಮಿಷ ತಡ. ಬಾರದೇ ಹೋದದ್ದು ನೂರ ಐವತ್ತೊಂದು.’ ಅದರ ಕೆಳಗೆ ಉದಾಹರಣೆಗಳಿದ್ದವು. ಸಾಧನ ಪ್ರಾಮಾಣಿಕವಾಗಿ ಎಲ್ಲವನ್ನೂ ಬರೆದಿಟ್ಟಿತ್ತು. ‘ಅಮ್ಮಾ, ನನ್ನ ಹಲ್ಲು ಅಲ್ಲಾಡ್ತಾ ಇದೆ ನೋಡು ಬಾ. ಬಂದೆ. ಬಂದಿಲ್ಲ.’ ‘ಅಮ್ಮಾ, ಕಥೆ ಅರ್ಧ ಹೇಳಿದ್ಯಲ್ಲ, ಮುಂದಿಂದು ಹೇಳು ಬಾ. ಬಂದೆ. ಬಂದಿಲ್ಲ.’ ‘ಅಮ್ಮಾ, ಸುಮ್ನೆ ಬಾ. ಬಂದೆ. ಬಂದಿಲ್ಲ.’

ಸಿಂಚನಾ ತಟ್ಟೆಯನ್ನು ಎತ್ತಲು ಬಗ್ಗಿದವಳು ಹಾಗೇ ನಿಂತಳು. ಆ ಒಂದೊಂದು ಸಲವೂ ಒಲೆಯ ಮೇಲೆ ಏನೋ ಇತ್ತು, ಅಥವಾ ಎಂಬತ್ತರಲ್ಲಿ ಎಪ್ಪತ್ತನೆಯ ಉತ್ತರ ಅರ್ಧವಾಗಿತ್ತು, ಬಟ್ಟೆ ನೆನೆದಿತ್ತು. ಯಾವುದೂ ನೆಪವಲ್ಲ. ಆದರೆ ದಾಖಲೆಯಲ್ಲಿ ಒಲೆಗೆ ಜಾಗವಿರಲಿಲ್ಲ.

ಡಾ. ಭಾರ್ಗವರಿಗೆ ಮಾತ್ರ ಖುಷಿಯಾಗಿತ್ತು. ಸಮಸ್ಯೆ ಬಗೆಹರಿಯಿತು ಎಂದರು. ಇದು ಒಂದು ಪದವೇ ಅಲ್ಲ, ಉಚ್ಚಾರಣೆ ಒಂದೇ ಆಗಿರುವ ಎರಡು ಪದಗಳು. ‘ಕಾಲು’ ಎಂದರೆ ಪಾದವೂ ಹೌದು, ನಾಲ್ಕನೆಯ ಒಂದು ಭಾಗವೂ ಹೌದು ಎನ್ನುವಂತೆ. ಮೊದಲನೆಯ ‘ಬಂದೆ’ ಸಾರ್‌ಗೆ, ಅರ್ಥ ಎಂಟು ಸೆಕೆಂಡು. ಎರಡನೆಯ ‘ಬಂದೆ’ ಮಗುವಿಗೆ. ಅದಕ್ಕೆ ಏನು ಅರ್ಥ ಬರೆಯಲಿ ಎಂದು ಕೇಳಿದರು.

“ಕೆಲಸ ಮುಗಿಸಿ ಬರ್ತೀನಿ ಅಂತ ಬರೀರಿ ಸಾರ್.”

ಬರೆದರು. ಯಂತ್ರ ಲೆಕ್ಕ ಹಾಕಿ ಮೂವತ್ತೊಂದು ಎಂದಿತು. ಕೆಲಸ ಮುಗಿದ ಮೇಲೂ ಬಂದಿರಲಿಲ್ಲವಾದ್ದರಿಂದ ಅದನ್ನು ಅದು ಪೂರ್ತಿ ಒಪ್ಪಲಿಲ್ಲ. ‘ಆದಷ್ಟು ಬೇಗ’ ಎಂದು ಬರೆಸಿದಳು. ಇಪ್ಪತ್ತೆರಡಕ್ಕೆ ಇಳಿಯಿತು. ‘ಇವತ್ತಿನೊಳಗೆ’ ಎಂದರೆ ಮೂವತ್ತಮೂರು. ಪಾಸಾಗಲು ಇನ್ನೆರಡು ಅಂಕ. ಗೋಡೆಯ ಗಡಿಯಾರದಲ್ಲಿ ಹತ್ತೂ ಐವತ್ತು.

“ನೋಡಿ ಮೇಡಂ, ನಿಮಗೆ ಬೇಜಾರು ಮಾಡೋಕೆ ಹೇಳ್ತಾ ಇಲ್ಲ. ಯಂತ್ರ ಒಪ್ಪೋ ಅರ್ಥ ಒಂದೇ ಇರೋದು. ‘ಬರುವುದಿಲ್ಲ’ ಅಂತ ಬರೆದ್ರೆ, ತಡವಾಗಿ ಬಂದಿದ್ದನ್ನೂ ಬಾರದ ಲೆಕ್ಕಕ್ಕೇ ಹಾಕ್ಕೊಂಡು ಸೀದಾ ತೊಂಬತ್ತು ದಾಟುತ್ತೆ.”

“ಹಾಗಲ್ಲ ಸಾರ್. ಹೋಗ್ಬೇಕು ಅಂತಾನೇ ಪ್ರತಿ ಸಲ ಹೇಳೋದು ನಾನು.”

ಲ್ಯಾಪ್‌ಟಾಪು ಈ ಮಾತಿಗೆ ಪೀಂ ಎನ್ನಲಿಲ್ಲ. ಅದು ಸುಮ್ಮನಿದ್ದುದನ್ನು ಇಬ್ಬರೂ ಗಮನಿಸಿದರು. ಆದರೆ ಸುಮ್ಮನಿದ್ದುದಕ್ಕೆ ಅಂಕ ಕೊಡುವ ಏರ್ಪಾಡು ಸಾಧನದಲ್ಲಿ ಇರಲಿಲ್ಲ. ಡಾ. ಭಾರ್ಗವ ‘ಬರುವುದಿಲ್ಲ’ ಎಂದು ನಮೂದಿಸಿ, ಇನ್ನು ಒಡತಿಯ ದನಿಯಲ್ಲೇ ಒಪ್ಪಿಗೆ ಬೇಕು, ಯಂತ್ರ ಕೇಳಿದಾಗ ಹೌದು ಎಂದರೆ ಸಾಕು ಎಂದರು.

ಆಗಲೇ ಅವಳಿಗೆ ಹಿತ್ತಲ ಬಾಗಿಲಲ್ಲಿ ಹೊನ್ನಿ ಕಂಡದ್ದು. ಯಾವಾಗಿನಿಂದ ನಿಂತಿದ್ದಳೋ. ಹೊನ್ನಮ್ಮನಿಗೆ ಏಳು ವರ್ಷ. ಹಳೆಯ ಹೆಸರುಗಳು ಮತ್ತೆ ಚಲಾವಣೆಗೆ ಬಂದು, ಅವಳ ತರಗತಿಯಲ್ಲಿ ಮೂವರು ಹೊನ್ನಮ್ಮಂದಿರೂ ಇಬ್ಬರು ನಿಂಗಮ್ಮಂದಿರೂ ಇದ್ದ ಕಾಲವದು. ದಸರೆಯ ರಜೆ. ಅವಳು ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು, ಚೌಕಟ್ಟಿಗೆ ಒರಗಿ, ವಿಜ್ಞಾನಿಯ ಕೈಯಲ್ಲಿದ್ದ ಫಲಕವನ್ನೇ ನೋಡುತ್ತಿದ್ದಳು.

ಈ ಮಾತು ಮಗುವಿನ ಕಿವಿಗೆ ಬೀಳಬಾರದು ಎನಿಸಿತು ಸಿಂಚನಾಗೆ. ಅವಸರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದಳು. “ಹೊನ್ನಿ, ಹಿತ್ತಲಲ್ಲಿ ಆಡ್ಕೋ ಹೋಗು ಕಂದಾ. ಬಂದೆ.”

“ಈಗ ಕೇಳಿಸಿದ್ದು ಎರಡನೆಯ ‘ಬಂದೆ’,” ಎಂದಿತು ಲ್ಯಾಪ್‌ಟಾಪು, ಹವಾಮಾನದ ದನಿಯಲ್ಲಿ. “ಅದರ ಅರ್ಥ ‘ಬರುವುದಿಲ್ಲ’ ಎಂದು ತಿಳಿಯಲೇ?”

ಹೊನ್ನಿ ಕದಲಲಿಲ್ಲ. ಸಿಂಚನಾ ಗಡಿಯಾರ ನೋಡಿದಳು. ಹತ್ತೂ ಐವತ್ತೇಳು. ಇಲ್ಲ ಎಂದು ಹೇಳಿ ನೋಡಿದಳು; ಮೂರು ಉದ್ದ, ಒಂದು ಗಿಡ್ಡ. ಎರಡು ವರ್ಷ, ದಿನಕ್ಕೆ ಎಂಬತ್ತು ಉತ್ತರ, ಲೋಹಿತ್‌ನ ಅರೆಕಾಲಿಕ ಕೆಲಸ, ಮುಂದಿನ ವರ್ಷ ಹೊನ್ನಿಯನ್ನು ಸೇರಿಸಬೇಕೆಂದಿದ್ದ ಹೊಸ ಶಾಲೆ, ಎಲ್ಲ ಆ ಮೂರು ನಿಮಿಷದೊಳಗೆ ಕೂತಿದ್ದವು.

“ಹೌದು,” ಎಂದಳು.

ಪರದೆ ಬೆಳಗಿತು. ಎಷ್ಟು ಚೆನ್ನಾಗಿ ಬೆಳಗಿತೆಂದರೆ, ತೊಂಬತ್ತಾರು ಅಂಕದ ಜತೆಗೆ ಒಂದು ಬಂಗಾರದ ಪದಕದ ಚಿತ್ರವೂ ಬಂತು. ಡಾ. ಭಾರ್ಗವ ಫಲಕ ಕಳಚಿಕೊಂಡು, ಈ ರೂಢಿಕೋಶ ಸಂಜೆಯೊಳಗೆ ರಾಜ್ಯದ ಎಲ್ಲ ಲ್ಯಾಪ್‌ಟಾಪುಗಳಿಗೂ ಹೋಗುತ್ತದೆ, ಎಷ್ಟೋ ಮನೆಗಳ ತೊಂದರೆ ನಿವಾರಣೆಯಾಗುತ್ತದೆ ಎಂದು ಸಂತೋಷದಿಂದ ತಿಳಿಸಿದರು. “ಬರ್ತೀನಿ ಮೇಡಂ,” ಎಂದು ಹೇಳಿ ಹೋದರು. ಯಂತ್ರ ಅದನ್ನು ನಿಜವೆಂದು ಬರೆದುಕೊಂಡಿತು.

ಸಂದರ್ಶನ ಅರ್ಧ ಗಂಟೆಯಲ್ಲಿ ಮುಗಿಯಿತು. ರುದ್ರಸ್ವಾಮಿಯವರು ಕೇಳಿದ್ದಕ್ಕಿಂತ ಹೊಗಳಿದ್ದೇ ಹೆಚ್ಚು. ಅವಳು ಬರೆದ ‘ಶೀಘ್ರದಲ್ಲೇ’ಗಳನ್ನು ಓದಿದ ಗ್ರಾಹಕರು ಎರಡನೆಯ ಸಲ ದೂರು ಕೊಡುವುದೇ ಅಪರೂಪವಂತೆ, ಆ ಪದವನ್ನು ಅಷ್ಟು ನಂಬಿಕೆ ಹುಟ್ಟುವಂತೆ ಬರೆಯುವವರು ಸಂಸ್ಥೆಯಲ್ಲಿ ಮತ್ತೊಬ್ಬರಿಲ್ಲವಂತೆ. ಮೇಲಾಗಿ ಅವಳ ನುಡಿನಿಷ್ಠೆಯ ಅಂಕ. ಮಾತಿಗೆ ತಪ್ಪದ ಇಂಥವರು ಸಿಗುವುದು ಕಷ್ಟ ಎಂದು ಅವರು ತಮ್ಮ ಪಕ್ಕದವರಿಗೆ ಹೇಳಿ, ಅಲ್ಲಿಯೇ ಖಾಯಂ ಆದೇಶ ಕಳುಹಿಸಿದರು. ಸಿಂಚನಾ ಕೈಮುಗಿದಳು.

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಮನೆ ತುಂಬಾ ಸದ್ದಿಲ್ಲದೆ ಇತ್ತು. ಅಷ್ಟು ಹೊತ್ತೂ ಯಾರೂ “ಅಮ್ಮಾ” ಎಂದು ಕರೆದಿರಲಿಲ್ಲ. ಬೇರೆ ದಿನಗಳಲ್ಲಿ ಇಷ್ಟು ಹೊತ್ತಿಗೆ ಎರಡು ಸಲವಾದರೂ ಕರೆಯುವ ಮಗು. ಸಿಂಚನಾಗೆ, ಲೋಹಿತ್‌ಗೆ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ. ಹಿತ್ತಲಿಗೆ ಹೋದಳು.

ಹೊನ್ನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲು ತೂಗಾಡಿಸುತ್ತಿದ್ದಳು. ಅಮ್ಮನನ್ನು ನೋಡಿ ಅವಳಿಗೆ ಆಶ್ಚರ್ಯವಾದಂತಿತ್ತು. ಸಿಂಚನಾ ಅವಳ ಪಕ್ಕ ಕೂತು, ಬೆಳಗ್ಗೆಯಿಂದ ಬಾಚದ ತಲೆಗೂದಲಿನಲ್ಲಿ ಬೆರಳಾಡಿಸಿದಳು. ಕೆಲಸ ಸಿಕ್ಕಿತೆಂದು ಹೇಳಿದಳು. ಒಳ್ಳೆಯದಾಯಿತು ಎನ್ನುವಂತೆ ಹೊನ್ನಿ ದೊಡ್ಡವರ ಹಾಗೆ ತಲೆಯಾಡಿಸಿದಳು. ಕರೆಯಲೇ ಇಲ್ಲವಲ್ಲ ನೀನು, ಯಾಕೆ ಎಂದು ಸಿಂಚನಾ ಕೇಳಿದಳು. ಮಗು ಅಂಗೈಯ ಗೆರೆಗಳನ್ನು ನೋಡಿಕೊಂಡಿತು.

“ಬೈಯಲ್ಲ. ಹೇಳು ಕಂದಾ.”

ಹೊನ್ನಿ ಮುಖವೆತ್ತಿದಳು.

“ಅಮ್ಮಾ, ನೀನು ಸಾರ್‌ಗೆ ಹೇಳ್ತೀಯಲ್ಲ, ಆ ‘ಬಂದೆ’… ಅದನ್ನ ನಂಗೂ ಒಂದ್ಸಲ ಹೇಳ್ತೀಯಾ?”